ಕಟ್ಟಿನ ಹೊರಗೆ ಉಳಿದ ಅಪ್ಪ

ಕೊಡಗಿನಲ್ಲಿ ಗೋಡೆಗೆ ತೂಗುಹಾಕಿದ ಪಟ ಹೆಚ್ಚು ಕಾಲ ಹೊಸದಾಗಿ ಉಳಿಯುವುದಿಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಆಗಸ್ಟ್ ಹೊತ್ತಿಗೆ ಗಾಜಿನ ಒಳಗೆಲ್ಲ ಬೂಷ್ಟು. ಮೊದಲು ಮೂಲೆಯಲ್ಲಿ ಒಂದು ಬಿಳಿ ಚುಕ್ಕಿ ಕಾಣುತ್ತದೆ. ಒರೆಸೋಣ ಅಂದರೆ ಅದು ಗಾಜಿನ ಆಚೆಗಿರುತ್ತದೆ. ನೋಡನೋಡುತ್ತ ದೇವರ ಕೆನ್ನೆಗೇ ಬಂದು ಕೂರುತ್ತದೆ. ಹಾಗಾಗಿ ನಮ್ಮ ವಿರಾಜಪೇಟೆಯಲ್ಲಿ ಫೋಟೋಗೆ ಕಟ್ಟು ಹಾಕುವವರಿಗೆ ಮಳೆಗಾಲ ಕಳೆದ ಮೇಲೆ ಕೈತುಂಬ ಕೆಲಸ.

ಹೋದ ಸಲ ಪಕ್ಕದ ಮನೆಯ ಅಜ್ಜಿಯ ಒಂದು ಪಟವನ್ನು ನಾನೇ ಅಂಗಡಿಗೆ ಒಯ್ದಿದ್ದೆ. ಅಜ್ಜಿ ಕೊಂಕಣಿ ಮಾತಾಡುವ ಕ್ಯಾಥೊಲಿಕರು. ಪಟ ಅವರ ಮದುವೆಗೆ ಉಡುಗೊರೆಯಾಗಿ ಬಂದದ್ದು. ನಡುವೆ ಬಾಲಯೇಸು, ಎಡಗಡೆ ತಾಯಿ ಮರಿಯಮ್ಮ, ಬಲಗಡೆ ಸಾಕುತಂದೆ ಜೋಸೆಫ. ಜೋಸೆಫನ ಕೈಯಲ್ಲಿ ಬಿಳಿ ಹೂವಿನ ಕೋಲು. ಚರ್ಚಿನ ಕನ್ನಡದಲ್ಲಿ ಈ ಮೂವರನ್ನು ತಿರುಕುಟುಂಬ ಅನ್ನುತ್ತಾರೆ. ಅಂಗಡಿಯಲ್ಲಿ ಆ ಅಳತೆಯ ಕಟ್ಟು ಇರಲಿಲ್ಲ. "ಸೈಡಲ್ಲಿ ಎರಡು ಬೆರಳಷ್ಟು ತೆಗೆದರೆ ರೆಡಿ ಫ್ರೇಮೇ ಸಾಕಾಗುತ್ತೆ ಅಣ್ಣ" ಎಂದ ಹುಡುಗ. ನಾನು ಫೋನ್ ನೋಡುತ್ತಲೇ ಹೂಂ ಅಂದೆ.

ತಂದು ಕೊಟ್ಟಾಗ ಅಜ್ಜಿ ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. "ಸಾಂ ಜುಜೆಯ ಕೈ ಎಲ್ಲಿ ಮಗಾ?" ಎಂದು ಕೇಳಿದರು. ಸಾಂ ಜುಜೆ ಅಂದರೆ ಕೊಂಕಣಿಯಲ್ಲಿ ಸಂತ ಜೋಸೆಫ. ಕೈ ಇರಲಿಲ್ಲ. ಹೂವಿನ ಕೋಲೂ ಇರಲಿಲ್ಲ. ಅರ್ಧ ಭುಜದ ಮೇಲೆ ಫ್ರೇಮಿನ ಚಿನ್ನದ ಬಣ್ಣದ ಅಂಚು ಬಂದು ಕೂತಿತ್ತು.

ತಪ್ಪು ನನ್ನದೇ, ಅದಿರಲಿ. ಆದರೆ ಮೂವರಲ್ಲಿ ಕತ್ತರಿಗೆ ಸಿಕ್ಕಿದ್ದು ಅಪ್ಪನೇ ಯಾಕೆ? ಅವನು ಅಂಚಿನಲ್ಲಿದ್ದ, ಅದಕ್ಕೆ. ಅಂಚಿಗೆ ಹೇಗೆ ಹೋದ ಅಂತ ಹುಡುಕುತ್ತ ಹೋದರೆ ನೂರಾರು ವರ್ಷಗಳ ಕಥೆ ಬಿಚ್ಚಿಕೊಳ್ಳುತ್ತದೆ. ದೇವರ ಪಟಗಳಲ್ಲಿ ಅಮ್ಮ ಮೊದಲಿಂದಲೂ ಇದ್ದಳು. ಅಪ್ಪ ಬಂದದ್ದು ತಡವಾಗಿ. ಅವನು ಒಳಗೆ ಬರುವ ಹೊತ್ತಿಗೆ ಅಜ್ಜಿ, ಚಿಕ್ಕಮ್ಮ, ಅವರ ಮಕ್ಕಳು ಎಲ್ಲ ಹೊರಗೆ ಹೋಗಿದ್ದರು. ಅಪ್ಪ, ಅಮ್ಮ, ಮಗು ಎಂಬ ಸಣ್ಣ ಸಂಸಾರದ ಪಟ ನಾವು ಅಂದುಕೊಂಡಷ್ಟು ಹಳೆಯದಲ್ಲ.

ಈ ಕಥೆಯನ್ನು ವಿರಾಜಪೇಟೆಯಿಂದಲೇ ಶುರು ಮಾಡಬಹುದು. ಇಲ್ಲಿಯ ಚರ್ಚ್ ಇರುವುದು ತಾಯಿಯ ಹೆಸರಲ್ಲಲ್ಲ, ಮಗನ ಹೆಸರಲ್ಲೂ ಅಲ್ಲ. ಅಜ್ಜಿಯ ಹೆಸರಲ್ಲಿ. ಸಂತ ಅನ್ನಮ್ಮ ಅಂದರೆ ಮರಿಯಮ್ಮನ ತಾಯಿ, ಯೇಸುವಿನ ಅಜ್ಜಿ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಿದ್ದ. ಅಲ್ಲಿಂದ ತಪ್ಪಿಸಿಕೊಂಡು ಬಂದ ಕೆಲವರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಜಾಗ ಕೊಟ್ಟ. ಅವನದೇ ಹೆಸರಿನ ಪೇಟೆಯಲ್ಲಿ 1792ರಲ್ಲಿ ಚರ್ಚ್ ಶುರುವಾಯಿತು. ಬಂಧುಬಳಗ ಚದುರಿಹೋದ ಜನಕ್ಕೆ ಅಜ್ಜಿಯ ಹೆಸರಿನ ಗುಡಿ ಸಿಕ್ಕಿದ್ದು ನನಗಂತೂ ಸರಿಯಾಗಿಯೇ ಕಾಣುತ್ತದೆ.

ತಮಾಷೆ ಏನೆಂದರೆ ಅನ್ನಮ್ಮನ ಹೆಸರು ಬೈಬಲ್ಲಿನಲ್ಲಿ ಎಲ್ಲೂ ಇಲ್ಲ. ಅವಳ ಕಥೆ ಬರುವುದು ಯಾಕೋಬನ ಹೆಸರಿನಲ್ಲಿರುವ 2ನೇ ಶತಮಾನದ ಒಂದು ಪುಸ್ತಕದಲ್ಲಿ. ಚರ್ಚು ಅದನ್ನು ಬೈಬಲ್ಲಿಗೆ ಸೇರಿಸಲಿಲ್ಲ. ಜನ ಮಾತ್ರ ಕೈಬಿಡಲಿಲ್ಲ. ಅನ್ನಮ್ಮ ಮತ್ತು ಅವಳ ಗಂಡ ಯೋವಾಕಿಮನಿಗೆ ಮಕ್ಕಳಿಲ್ಲ. ಮಕ್ಕಳಿಲ್ಲದವನು ಎಂದು ಅವನ ಕಾಣಿಕೆಯನ್ನು ದೇವಾಲಯದಲ್ಲಿ ಹಿಂದೆ ಸರಿಸುತ್ತಾರೆ. ಅವನು ಅವಮಾನದಿಂದ ಕಾಡು ಸೇರುತ್ತಾನೆ. ಇತ್ತ ಅನ್ನಮ್ಮ ತೋಟದಲ್ಲಿ ಕೂತು ಮರದಲ್ಲಿರುವ ಗುಬ್ಬಚ್ಚಿ ಗೂಡು ನೋಡಿ ಅಳುತ್ತಾಳೆ. ಹಕ್ಕಿಗೂ ಮರಿ ಇದೆ, ನನಗಿಲ್ಲವಲ್ಲ ಎಂದು. ಆಮೇಲೆ ದೇವದೂತ ಬಂದು ಮಗು ಆಗುತ್ತದೆ ಅನ್ನುತ್ತಾನೆ. ಗಂಡ ಹೆಂಡತಿ ಊರ ಬಾಗಿಲಲ್ಲಿ ಎದುರಾಗುತ್ತಾರೆ. ನಮ್ಮ ಅಜ್ಜಿಯರು ಹೇಳುವ ಹರಕೆ ಕಥೆಗಳಿಗೂ ಇದಕ್ಕೂ ದೂರವೇನಿಲ್ಲ ಅಲ್ವಾ?

ಆ ಭೇಟಿಯನ್ನು ಇಟಲಿಯ ಜ್ಯೋತ್ತೊ 1305ರ ಸುಮಾರಿಗೆ ಪಾದುವಾದ ಒಂದು ಪ್ರಾರ್ಥನಾಮಂದಿರದ ಗೋಡೆ ಮೇಲೆ ಬರೆದ. ಇಬ್ಬರೂ ಎಳೆ ವಯಸ್ಸಿನವರಲ್ಲ. ಯೋವಾಕಿಮನಿಗೆ ನರೆತ ಗಡ್ಡ. ಅನ್ನಮ್ಮ ಎರಡೂ ಕೈಯಿಂದ ಅವನ ಮುಖ, ತಲೆ ಹಿಡಿದು ಹತ್ತಿರ ಎಳೆದುಕೊಂಡಿದ್ದಾಳೆ. ಎರಡು ಮುಖ ಒಂದಕ್ಕೊಂದು ಒತ್ತಿ ಒಂದೇ ಮುಖದ ಹಾಗೆ ಕಾಣುತ್ತವೆ. ಅಪ್ಪ ಅಮ್ಮ ಆಗಲಿರುವ ಇಬ್ಬರ ಸಂತೋಷವನ್ನು ಚರ್ಚಿನ ಗೋಡೆ ಮೇಲೆ ಇಷ್ಟು ಬಿಚ್ಚುಮನಸ್ಸಿನಿಂದ ತೋರಿಸಿದ್ದು ಆ ಕಾಲಕ್ಕೆ ಅಪರೂಪ.

ಇನ್ನೂರು ವರ್ಷ ಕಳೆಯುವಷ್ಟರಲ್ಲಿ ಉತ್ತರ ಯೂರೋಪಿನಲ್ಲಿ ಅನ್ನಮ್ಮ ಎಲ್ಲರ ಮನೆಯ ಅಜ್ಜಿಯಾಗಿಬಿಟ್ಟಳು. ಗಣಿ ಕೆಲಸದವರಿಗೆ ಅವಳೇ ದಿಕ್ಕು. ಮುಂದೆ ಪ್ರಾಟೆಸ್ಟೆಂಟ್ ಪಂಥಕ್ಕೆ ಕಾರಣನಾದ ಜರ್ಮನಿಯ ಮಾರ್ಟಿನ್ ಲೂಥರ್ 1505ರಲ್ಲಿ ಸಿಡಿಲಿಗೆ ಹೆದರಿ ಕೂಗಿಕೊಂಡಿದ್ದು ಅವಳ ಹೆಸರನ್ನೇ. ಕಾಪಾಡಿದರೆ ಸನ್ಯಾಸಿಯಾಗುತ್ತೇನೆ ಎಂದು ಹರಕೆ ಹೊತ್ತ, ಆದ. ಸಂತರ ಪೂಜೆಯನ್ನೇ ಪ್ರಶ್ನೆ ಮಾಡಿದ್ದು ಆಮೇಲಿನ ಮಾತು.

ಆಗಿನ ಒಂದು ಜಾತಿಯ ಚಿತ್ರ ಕೊಡಗಿನವರಿಗೆ ತಟ್ಟನೆ ಅರ್ಥವಾಗುತ್ತದೆ. ನಡುವೆ ಅನ್ನಮ್ಮ. ಅವಳಿಗೆ ಒಬ್ಬರ ನಂತರ ಒಬ್ಬರಂತೆ ಮೂವರು ಗಂಡಂದಿರು ಎಂಬುದು ಆಗಿನ ನಂಬಿಕೆ. ಮೂರು ಮದುವೆಯಿಂದ ಮೂವರು ಹೆಣ್ಣುಮಕ್ಕಳು, ಮೂವರ ಹೆಸರೂ ಮರಿಯ. ಅವರ ಗಂಡಂದಿರು, ಅವರ ಮಕ್ಕಳು. ಆ ಮಕ್ಕಳಲ್ಲಿ ಯೇಸು ಒಬ್ಬ. ಉಳಿದವರು ದೊಡ್ಡವರಾದ ಮೇಲೆ ಅವನ ಶಿಷ್ಯರಾಗುವವರು. ಎಲ್ಲರೂ ಒಂದೇ ಜಗಲಿಯಲ್ಲಿ ಸೇರಿದ್ದಾರೆ. ಹೆಂಗಸರು ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದಾರೆ, ಗಂಡಸರು ಹಿಂದೆ ನಿಂತಿದ್ದಾರೆ, ಮಕ್ಕಳು ನೆಲದ ಮೇಲೆ ಆಡುತ್ತಿದ್ದಾರೆ. ನಮ್ಮಲ್ಲಾದರೆ ಇದನ್ನು ಒಕ್ಕದ ಗ್ರೂಪ್ ಫೋಟೋ ಅಂದುಬಿಡುತ್ತಿದ್ದೆವು. ಒಕ್ಕ ಅಂದರೆ ಒಂದೇ ಮೂಲಪುರುಷನಿಂದ ಬಂದ ಕೊಡವ ಮನೆತನ. ಐನ್‌ಮನೆ ಎಂಬ ಮೂಲಮನೆಯಲ್ಲಿ ವರ್ಷಕ್ಕೊಮ್ಮೆಯಾದರೂ ಎಲ್ಲರೂ ಸೇರಿ ಮೆಟ್ಟಿಲ ಮೇಲೆ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಥೇಟ್ ಹಾಗೆಯೇ. ಒಂದು ವ್ಯತ್ಯಾಸ ಉಂಟು. ಒಕ್ಕ ನಡೆಯುವುದು ತಂದೆಯ ಕಡೆಯಿಂದ. ಆ ಚಿತ್ರದ ಬಳಗ ಪೂರ್ತಿ ಅಜ್ಜಿಯ ಕಡೆಯದು.

ಈ ದೊಡ್ಡ ಬಳಗಕ್ಕೆ ಕತ್ತರಿ ಬಿದ್ದದ್ದು 16ನೇ ಶತಮಾನದಲ್ಲಿ. ಲೂಥರನ ಬೆನ್ನಿಗೆ ಎದ್ದ ಸುಧಾರಕರಲ್ಲಿ ಕೆಲವರು ಚರ್ಚುಗಳ ವಿಗ್ರಹ, ಚಿತ್ರಗಳನ್ನೇ ಪ್ರಶ್ನೆ ಮಾಡಿದರು. ಉತ್ತರ ಕೊಡಲು ಕ್ಯಾಥೊಲಿಕರು ಟ್ರೆಂಟ್ ಎಂಬಲ್ಲಿ ದೊಡ್ಡ ಸಭೆ ಸೇರಿಸಿದರು. 1545ರಲ್ಲಿ ಶುರುವಾದದ್ದು 1563ರಲ್ಲಿ ಮುಗಿಯಿತು. ಚಿತ್ರ ಇರಲಿ, ಆದರೆ ಜನರ ದಾರಿ ತಪ್ಪಿಸುವ ಕಥೆ ಬೇಡ ಎಂದಾಯಿತು. ಅಜ್ಜಿಯ ಮೂರು ಮದುವೆಯ ಕಥೆ ಮುಜುಗರಕ್ಕೆ ಕಾರಣವಾಯಿತು. ಬಳಗದ ಚಿತ್ರಗಳು ನಿಧಾನವಾಗಿ ನಿಂತವು. ಅನ್ನಮ್ಮನನ್ನು ಪೂರ್ತಿ ಬಿಡಲಿಲ್ಲ, 1584ರಲ್ಲಿ ಅವಳ ಹಬ್ಬವನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಜುಲೈ 26ರ ಆ ಹಬ್ಬ ಇವತ್ತಿಗೂ ಇದೆ. ಆದರೆ ಅವಳ ಕೆಲಸ ಕಡಿಮೆಯಾಯಿತು. ಮಗಳಿಗೆ ಓದು ಕಲಿಸುವ ತಾಯಿಯಾಗಿ ಉಳಿದಳು.

ಅದಕ್ಕೂ ತಕರಾರು ಬಂತು ನೋಡಿ. ಸ್ಪೇನಿನ ಸೆವಿಲ್ ಊರಲ್ಲಿ ರೊಯೆಲಾಸ್ ಎಂಬವನು ಅನ್ನಮ್ಮ ಮರಿಯಳಿಗೆ ಅಕ್ಷರ ಕಲಿಸುವ ಚಿತ್ರ ಬರೆದಿದ್ದ. ಪಾಚೆಕೊ ಎಂಬ ಹಿರಿಯ ಚಿತ್ರಕಾರ, ಪ್ರಖ್ಯಾತ ವೆಲಾಸ್ಕೆಜ್‌ನ ಮಾವ, ಇದು ಸರಿಯಲ್ಲ ಅಂದ. ದೇವಮಾತೆಗೆ ಹುಟ್ಟುವಾಗಲೇ ಎಲ್ಲ ಗೊತ್ತಿತ್ತು, ಕಲಿಸುವುದೇನು ಎಂಬುದು ಅವನ ವಾದ. ಜನ ಕೇಳಲಿಲ್ಲ. ತೊಡೆಯ ಮೇಲೆ ಪುಸ್ತಕ, ಪಕ್ಕದಲ್ಲಿ ಬೆರಳಿಟ್ಟು ಓದುವ ಹುಡುಗಿ. ಆ ರೂಪದ ಅನ್ನಮ್ಮನೇ ಲೋಕವೆಲ್ಲ ಹಬ್ಬಿದಳು. ಮನೆಪಾಠವನ್ನು ದೇವರ ಕೆಲಸದ ಸಾಲಿಗೆ ಸೇರಿಸಿದ ಚಿತ್ರ ಅದು.

ಈಗ ಜೋಸೆಫನಿಗೆ ಬರೋಣ.

ರೋಮ್‌ನ ಪ್ರಿಸಿಲ್ಲಾ ನೆಲಸಮಾಧಿಯಲ್ಲಿ ಸುಮಾರು 3ನೇ ಶತಮಾನದ ಒಂದು ಗೋಡೆಚಿತ್ರ ಇದೆ. ಎದೆಗೆ ಮಗು ಒತ್ತಿಕೊಂಡ ಹೆಂಗಸು, ಪಕ್ಕದಲ್ಲಿ ನಕ್ಷತ್ರದ ಕಡೆ ಕೈ ತೋರಿಸುತ್ತಿರುವ ಗಂಡಸು. ಮರಿಯಮ್ಮನ ತೀರ ಹಳೆಯ ಚಿತ್ರಗಳಲ್ಲಿ ಇದೊಂದು ಎನ್ನುತ್ತಾರೆ. ಆ ಗಂಡಸು ಅಪ್ಪ ಇರಬೇಕು ಅಂದುಕೊಂಡರೆ ತಪ್ಪು. ಅವನನ್ನು ಪ್ರವಾದಿ ಎಂದು ಗುರುತಿಸುತ್ತಾರೆ. ಮುಂದಿನ ಸಾವಿರ ವರ್ಷ ಯೇಸು ಹುಟ್ಟಿದ ರಾತ್ರಿಯ ಚಿತ್ರಗಳಲ್ಲಿ ಜೋಸೆಫ ಇದ್ದಾನೆ, ಆದರೆ ಮೂಲೆಯಲ್ಲಿ. ಮುದುಕ. ಕೆನ್ನೆಗೆ ಕೈ ಕೊಟ್ಟು ಕೂತಿದ್ದಾನೆ, ಕೆಲವು ಕಡೆ ತೂಕಡಿಸುತ್ತಿದ್ದಾನೆ. ಮಗು ಹುಟ್ಟಿದ ಮನೆಯಲ್ಲಿ ಏನು ಮಾಡಬೇಕೆಂದು ತೋಚದ ಗಂಡಸಿನ ಹಾಗೆ.

ಇದು ಚಿತ್ರಕಾರರ ಕುಚೋದ್ಯವಲ್ಲ. ಮಗು ದೇವರಿಂದ ಬಂದದ್ದು, ಗಂಡನಿಂದಲ್ಲ ಎಂದು ನೋಡುವವರಿಗೆ ಖಚಿತವಾಗಬೇಕಿತ್ತು. ಅದಕ್ಕೆ ಅವನನ್ನು ಮುದುಕನನ್ನಾಗಿ ಮಾಡಿ ದೂರ ಕೂರಿಸಿದರು. ಅನ್ನಮ್ಮನ ಕಥೆ ಇರುವ ಅದೇ ಪುಸ್ತಕ ಅವನನ್ನು ಮಕ್ಕಳಿದ್ದ ವಿಧುರ ಅನ್ನುತ್ತದೆ. ಅಜ್ಜಿಯನ್ನು ಒಳಗೆ ಕರೆತಂದ ಪುಸ್ತಕವೇ ಅಪ್ಪನನ್ನು ಹೊರಗೆ ಕಳಿಸಿತು.

ಆಮೇಲೆ ಅವನಿಗೊಂದು ಕೋಣೆ ಸಿಕ್ಕಿತು. 1430ರ ಆಸುಪಾಸಿನ ಒಂದು ಮೂರು ಹಲಗೆಯ ಚಿತ್ರ ಈಗ ನ್ಯೂಯಾರ್ಕಿನಲ್ಲಿದೆ. ಫ್ಲಾಂಡರ್ಸಿನ ರಾಬರ್ಟ್ ಕಂಪಿನ್‌ನ ಕಾರ್ಯಾಗಾರದ್ದು. ನಡುವಿನ ಹಲಗೆಯಲ್ಲಿ ಮರಿಯಮ್ಮನ ಹತ್ತಿರ ದೇವದೂತ ಬಂದಿದ್ದಾನೆ. ಬಲಗಡೆಯ ಬೇರೆ ಹಲಗೆಯಲ್ಲಿ ಜೋಸೆಫ ತನ್ನ ಬಡಗಿ ಕೆಲಸದಲ್ಲಿ ಮುಳುಗಿದ್ದಾನೆ. ಕೈಯಲ್ಲಿ ಬೈರಿಗೆ, ಹಲಗೆಗೆ ಸಾಲಾಗಿ ತೂತು ಕೊರೆಯುತ್ತಿದ್ದಾನೆ. ಮೇಜಿನ ಮೇಲೆ ಅವನೇ ಮಾಡಿದ ಇಲಿಬೋನು. ಕಿಟಕಿಯ ಕಟ್ಟೆ ಮೇಲೆ ಮಾರಾಟಕ್ಕಿಟ್ಟ ಇನ್ನೊಂದು ಬೋನು. ಶಿಲುಬೆ ಎಂಬುದು ಸೈತಾನನಿಗೆ ಒಡ್ಡಿದ ಇಲಿಬೋನು ಎಂದು ಸಂತ ಅಗಸ್ಟೀನ್ ಬರೆದಿದ್ದನಂತೆ, ಅದರ ಗುಟ್ಟು ಇಲ್ಲಿದೆ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ನನಗೆ ಕಾಣುವುದು ಪಕ್ಕದ ಕೋಣೆಯಲ್ಲಿ ಏನು ನಡೆದಿದೆ ಎಂದೇ ಗೊತ್ತಿಲ್ಲದೆ ತಲೆತಗ್ಗಿಸಿ ದುಡಿಯುವ ಮನುಷ್ಯ.

ಅವನನ್ನು ನಡುಮನೆಗೆ ಕರೆತಂದವರಲ್ಲಿ ಪ್ಯಾರಿಸ್ಸಿನ ಜೆರ್ಸೋನ್ ಎಂಬ ವಿದ್ವಾಂಸ ಒಬ್ಬ. ಪೋಪ್ ಪಟ್ಟಕ್ಕೆ ಮೂರು ಜನ ಜಗಳಾಡುತ್ತಿದ್ದ ಕಾಲ ಅದು. 1414ರಿಂದ 1418ರವರೆಗೆ ಕಾನ್‌ಸ್ಟನ್ಸಿನಲ್ಲಿ ನಡೆದ ಸಭೆಯಲ್ಲಿ ಅವನು ಜೋಸೆಫನ ಪರ ಮಾತಾಡಿದ. ಮರಿಯ, ಮಗು ಇಬ್ಬರನ್ನೂ ಈಜಿಪ್ಟಿಗೆ ಕರೆದೊಯ್ದು ಸಾಕಿದವನು ಮುದುಕನಾಗಿರಲು ಸಾಧ್ಯವಿಲ್ಲ, ಗಟ್ಟಿ ಆಳು ಎಂದ. ಆಮೇಲೆ ಸ್ಪೇನಿನ ಆವಿಲಾದ ಸಂತ ತೆರೇಸಾ 1562ರಲ್ಲಿ ತಾನು ಕಟ್ಟಿದ ಮೊದಲ ಮಠಕ್ಕೇ ಜೋಸೆಫನ ಹೆಸರಿಟ್ಟಳು. ಸ್ಪೇನಿನ ಚಿತ್ರಗಳಲ್ಲಿ ಅವನ ಗಡ್ಡ ಕಪ್ಪಾಯಿತು, ಬೆನ್ನು ನೆಟ್ಟಗಾಯಿತು.

ನನಗೆ ಬಹಳ ಇಷ್ಟವಾದದ್ದು ಸ್ಪೇನಿನ ಚಿತ್ರಕಾರ ಮುರಿಲ್ಯೊ 1650ರ ಸುಮಾರಿಗೆ ಬರೆದ ಒಂದು ಚಿತ್ರ. ಮ್ಯಾಡ್ರಿಡ್ಡಿನ ಪ್ರಾಡೊ ಮ್ಯೂಸಿಯಂನಲ್ಲಿದೆ. ಯಾರ ತಲೆಯ ಹಿಂದೆಯೂ ಪ್ರಭೆ ಇಲ್ಲ. ದೇವದೂತರಿಲ್ಲ. ಒಂದು ಬಡ ಮನೆ. ಮಗು ಅಪ್ಪನ ಮೊಣಕಾಲಿಗೆ ಒರಗಿ ನಿಂತಿದೆ. ಒಂದು ಕೈಯಲ್ಲಿ ಪುಟ್ಟ ಹಕ್ಕಿಯನ್ನು ಎತ್ತಿ ಹಿಡಿದು ಕೆಳಗೆ ಕೂತ ಬಿಳಿ ನಾಯಿಮರಿಯನ್ನು ಆಡಿಸುತ್ತಿದೆ. ಜೋಸೆಫನ ಕೈ ಮಗುವಿನ ಮೈಗೆ ಆಸರೆಯಾಗಿದೆ. ಹಿಂದೆ ಅವನ ಕೆಲಸದ ಬೆಂಚು ಖಾಲಿ. ಎಡಗಡೆ, ಕೊಂಚ ನೆರಳಲ್ಲಿ, ಮರಿಯಮ್ಮ ನೂಲು ಸುತ್ತುವುದನ್ನು ನಿಲ್ಲಿಸಿ ಇವರಿಬ್ಬರ ಆಟ ನೋಡುತ್ತಿದ್ದಾಳೆ. ಜಾಗ ಅದಲುಬದಲಾಗಿದೆ. ಬೆಳಕಿನಲ್ಲಿ ಅಪ್ಪ ಮಗ, ಅಂಚಿನಲ್ಲಿ ಅಮ್ಮ.

ಮುರಿಲ್ಯೊ ಹದಿನಾಲ್ಕು ಮಕ್ಕಳಲ್ಲಿ ಕೊನೆಯವನು. ಸುಮಾರು ಹತ್ತು ವರ್ಷದವನಿದ್ದಾಗ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡರು. ಅಕ್ಕನ ಮನೆಯಲ್ಲಿ ಬೆಳೆದ. ಅವನ ಊರು ಸೆವಿಲ್‌ಗೆ 1649ರಲ್ಲಿ ಪ್ಲೇಗ್ ಬಡಿದು ಅರ್ಧ ಊರೇ ಖಾಲಿಯಾಯಿತು. ಈ ಚಿತ್ರ ಹೆಚ್ಚುಕಡಿಮೆ ಅದರ ಬೆನ್ನಿಗೇ ಬಂದದ್ದು. ಇಷ್ಟು ತಿಳಿದ ಮೇಲೆ ಮಗುವಿನ ಬೆನ್ನ ಹಿಂದಿನ ಆ ಕೈಯನ್ನು ಬೇರೆ ಥರ ನೋಡುವಂತಾಗುತ್ತದೆ.

ಮುಂದಿನದು ಬೇಗ ಹೇಳಬಹುದು. 19ನೇ ಶತಮಾನದಲ್ಲಿ ಕಾರ್ಖಾನೆಗಳು ಬಂದವು. ಮನೆಯ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ಅಪ್ಪ ಬೆಳಗ್ಗೆ ಹೋಗಿ ರಾತ್ರಿ ಬರುವವನಾದ. ಮನೆಗಳಲ್ಲಿ ಅಪ್ಪ ಕಾಣದಾದ ಕಾಲಕ್ಕೇ ಪಟಗಳಲ್ಲಿ ಅವನಿಗೆ ಬೇಡಿಕೆ ಬಂತು. 1870ರಲ್ಲಿ 9ನೇ ಪಯಸ್ ಪೋಪ್ ಜೋಸೆಫನನ್ನು ಇಡೀ ಧರ್ಮಸಭೆಯ ಪಾಲಕ ಎಂದು ಸಾರಿದರು. 1893ರಲ್ಲಿ 13ನೇ ಲಿಯೋ ತಿರುಕುಟುಂಬದ ಹಬ್ಬ ತಂದರು. 1921ರಲ್ಲಿ ಅದು ಎಲ್ಲ ಕಡೆಗೂ ಬಂತು. 1955ರಲ್ಲಿ ಮೇ 1ನ್ನು ಕಾರ್ಮಿಕ ಜೋಸೆಫನ ದಿನ ಮಾಡಿದರು. ಬಣ್ಣದ ಅಚ್ಚು ಅಗ್ಗವಾಗಿದ್ದೂ ಇದೇ ಹೊತ್ತಿಗೆ. ಅಜ್ಜಿಯ ಮನೆಗೆ ಬಂದ ಪಟ ಈ ಅಲೆಯಲ್ಲಿ ಬಂದದ್ದು.

ಕೊಡಗಿನಲ್ಲೂ ಆಗಿದ್ದು ಅದೇ, ಕಾರ್ಖಾನೆಯ ಬದಲು ತೋಟ. 1854ರಲ್ಲಿ ಮಡಿಕೇರಿ ಹತ್ತಿರ ಬ್ರಿಟಿಷರ ಮೊದಲ ಕಾಫಿ ತೋಟ ಎದ್ದಿತು. ಆಮೇಲೆ ಸಾಲುಸಾಲು. ಪಕ್ಕದ ಮನೆ ಅಜ್ಜಿಯ ಗಂಡ ಎಸ್ಟೇಟ್ ಒಂದರಲ್ಲಿ ಲೆಕ್ಕ ಬರೆಯುವ ರೈಟರ್. ವಾರವಿಡೀ ತೋಟದಲ್ಲೇ ವಾಸ. ಸಂತೆ ದಿನ ಮಾತ್ರ ಮನೆಗೆ. "ಮಕ್ಕಳಿಗೆ ಅವರಪ್ಪನಿಗಿಂತ ಸಾಂ ಜುಜೆಯ ಮುಖವೇ ಜಾಸ್ತಿ ಪರಿಚಯ" ಎಂದು ಅಜ್ಜಿ ನಗುತ್ತಾರೆ.

ಕಟ್ಟಿನ ಅಂಗಡಿಯಲ್ಲಿ ಗೋಡೆಗೆ ಒರಗಿಸಿದ್ದ ಬೇರೆ ಪಟಗಳೂ ಇದ್ದವು. ಒಂದರಲ್ಲಿ ಶಿವ, ಪಾರ್ವತಿ, ಗಣಪ, ಷಣ್ಮುಖ. ನಮ್ಮಲ್ಲಿ ಅಪ್ಪ ಮೊದಲಿಂದಲೂ ನಡುವೆಯೇ ಇದ್ದನಲ್ಲ ಅನ್ನಿಸಬಹುದು. ಅಷ್ಟು ಸರಳವಿಲ್ಲ. ತಮಿಳುನಾಡಿನಲ್ಲಿ ಪಲ್ಲವರ ಕಾಲದಿಂದ, ಅಂದರೆ ಸುಮಾರು 1,300 ವರ್ಷದಿಂದ, ಸೋಮಾಸ್ಕಂದ ಎಂಬ ರೂಪ ಇದೆ. ಶಿವ, ಉಮೆ, ಇಬ್ಬರ ನಡುವೆ ಪುಟ್ಟ ಸ್ಕಂದ. ಗಣಪ ಇಲ್ಲ. ಆಮೇಲಿನ ಎಷ್ಟೋ ಕಂಚಿನ ಮೂರ್ತಿಗಳಲ್ಲಿ ಮಗು ಮುರಿದು ಕಳೆದುಹೋಗಿ ಅಪ್ಪ ಅಮ್ಮನ ನಡುವೆ ಬರೀ ಖಾಲಿ ಜಾಗ ಉಳಿದಿದೆ. ಅಲ್ಲಿ ಶಿವ ಮಗುವನ್ನು ಎತ್ತಿಕೊಂಡಿಲ್ಲ, ರಾಜನ ಹಾಗೆ ಕೂತಿದ್ದಾನೆ. ಮನೆಯ ಅಪ್ಪನಂತೆ ಅವನು ಕಾಣುವುದು 18ನೇ ಶತಮಾನದ ಕೊನೆಯ ಪಹಾಡಿ, ಅಂದರೆ ಉತ್ತರದ ಬೆಟ್ಟಸೀಮೆಯ, ಚಿತ್ರಗಳಲ್ಲಿ. ಹಿಮಾಲಯದ ಚಳಿಯಲ್ಲಿ ಸಂಸಾರವೆಲ್ಲ ಒಟ್ಟಿಗೆ ಕೂತು ಅಪ್ಪನಿಗೆ ರುಂಡಮಾಲೆ ಪೋಣಿಸುತ್ತಿದ್ದಾರೆ, ಮಲ್ಲಿಗೆ ಕಟ್ಟುವಷ್ಟೇ ಸಲೀಸಾಗಿ! 1894ರಲ್ಲಿ ರವಿವರ್ಮ ಮುಂಬೈಯಲ್ಲಿ ಅಚ್ಚುಕೂಟ ತೆರೆದ ಮೇಲೆ ದೇವರ ಪಟ ಎಲ್ಲರ ಮನೆಗೂ ಬಂತು. ನಂತರ ಶಿವಕಾಶಿ. ಅಲ್ಲಿ ಶಿವನ ಸಂಸಾರವೂ ತಿರುಕುಟುಂಬವೂ ಒಂದೇ ಗುಲಾಬಿ ಬಣ್ಣದಲ್ಲಿ ಅಚ್ಚಾದವು. ಕೆನ್ನೆ ನೋಡಿದರೆ ಯಾರು ಯಾರ ಮಗು ಹೇಳುವುದು ಕಷ್ಟ.

ಕೊಡಗಿನ ಭಾಗಮಂಡಲದಲ್ಲಿ ಹಳೆಯ ರೀತಿ ಕಾಣಬಹುದು. ಭಗಂಡೇಶ್ವರ, ಗಣಪತಿ, ಸುಬ್ರಹ್ಮಣ್ಯ, ವಿಷ್ಣು ಎಲ್ಲ ಒಂದೇ ಅಂಗಳದಲ್ಲಿದ್ದಾರೆ. ಆದರೆ ಅವರವರಿಗೆ ಅವರವರ ಗುಡಿ. ಒಂದೇ ಚೌಕಟ್ಟಿನಲ್ಲಿ ಒತ್ತಿ ಕೂರಿಸುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಇನ್ನು ಕಾವೇರಮ್ಮ. ಪಟದಲ್ಲಿ ಒಬ್ಬಳೇ ನಿಂತಿರುತ್ತಾಳೆ, ಹಿಂದೆ ಬೆಟ್ಟ. ಆದರೆ ಅವಳ ಹೆಸರೇ ಅಪ್ಪನದು. ಮಕ್ಕಳಿಲ್ಲದ ಕವೇರ ಮುನಿ ತಪಸ್ಸು ಮಾಡಿದ. ಬ್ರಹ್ಮ ತನ್ನ ಮಗಳು ಲೋಪಾಮುದ್ರೆಯನ್ನು ಅವನಿಗೆ ಸಾಕುಮಗಳಾಗಿ ಕೊಟ್ಟ. ಕವೇರನ ಮಗಳು ಕಾವೇರಿಯಾದಳು. ಅನ್ನಮ್ಮ, ಯೋವಾಕಿಮರ ಕಥೆಯ ಹಾಗೆ ಇದೂ ಮಕ್ಕಳಿಲ್ಲದವರ ಕಥೆ. ಜೋಸೆಫನ ಹಾಗೆ ಕವೇರನೂ ಸಾಕುತಂದೆ. ಅವನ ಪಟ ನಾನಂತೂ ಯಾವ ಮನೆಯಲ್ಲೂ ನೋಡಿಲ್ಲ. ಅಕ್ಟೋಬರ್ ನಡುವೆ ಬರುವ ಕಾವೇರಿ ಸಂಕ್ರಮಣಕ್ಕೆ ಕೊಡವ ಮನೆಗಳಲ್ಲಿ ಪಟವೂ ಬೇಕಿಲ್ಲ. ಒಂದು ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಕರಿಮಣಿ, ಒಡವೆ ಹಾಕಿ, ಹೂವಿಟ್ಟರೆ ಅದೇ ತಾಯಿ. ಅದು ಕಣಿಪೂಜೆ.

ಹಾಗೆ ನೋಡಿದರೆ ಕೊಡವರಲ್ಲಿ ಹೆತ್ತವರ ಪೂಜೆಗೆ ಚಿತ್ರ ಬೇಕಾಗಿರಲೇ ಇಲ್ಲ. ಐನ್‌ಮನೆಯ ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯಲ್ಲಿ ದೀಪ ಉರಿಯುತ್ತದೆ, ಹಿರಿಯರು ಅಲ್ಲಿದ್ದಾರೆ ಎಂದೇ ಲೆಕ್ಕ. ಮನೆಯ ಪಕ್ಕ ಕೈಮಡ ಎಂಬ ಪುಟ್ಟ ಗುಡಿ, ಒಕ್ಕದ ಮೂಲಪುರುಷ ಗುರುಕಾರೋಣನದು. ಹಳೆಯ ಕೈಮಡಗಳಲ್ಲಿ ಕಲ್ಲಿನ ಮೇಲೋ ತೆಳು ತಗಡಿನ ಮೇಲೋ ಒರಟಾಗಿ ಮೂಡಿಸಿದ ಆಕೃತಿಗಳಿರುತ್ತವೆ. ಆ ಹಿರಿಯ ಯಾರ ಮಗುವನ್ನೂ ಎತ್ತಿಕೊಂಡಿಲ್ಲ. ಸುಮ್ನೆ ನಿಂತಿದ್ದಾನೆ. ಅವನು ಸಾಕುವ ಅಪ್ಪನಲ್ಲ, ಕಾಯುವ ಅಜ್ಜ. ತಾಯ್ತನಕ್ಕೆ ಮರ್ಯಾದೆ ಬೇರೆ ಥರ ಇತ್ತು. ಹತ್ತು ಮಕ್ಕಳನ್ನು ಹೆತ್ತ ತಾಯಿಗೆ ಮದುವೆಯ ಹಾಗೆಯೇ ಒಂದು ಮಂಗಲ ಮಾಡುತ್ತಿದ್ದರು. ಗಂಡನಿಗೆ ಅಂಥದ್ದು ಮಾಡಿದ್ದು ಕೇಳಿಲ್ಲ.

2021ರಿಂದ ಕ್ಯಾಥೊಲಿಕರು ಜುಲೈ ತಿಂಗಳ ನಾಲ್ಕನೇ ಭಾನುವಾರ ಅಜ್ಜ ಅಜ್ಜಿಯರ ದಿನ ಆಚರಿಸುತ್ತಾರೆ. ಅನ್ನಮ್ಮನ ಹಬ್ಬದ ಹತ್ತಿರಕ್ಕೆ ಬರಲಿ ಎಂದೇ ಪೋಪ್ ಫ್ರಾನ್ಸಿಸ್ ಆ ದಿನ ಆರಿಸಿದ್ದು. ಕೊಡಗಿನ ಎಷ್ಟೋ ಮನೆಗಳಲ್ಲಿ ಈಗ ಇರುವವರೇ ಅಜ್ಜ ಅಜ್ಜಿ. ಮಕ್ಕಳು ಬೆಂಗಳೂರಲ್ಲೋ ದುಬೈಯಲ್ಲೋ. ನಮ್ಮ ಅಜ್ಜಿಯೂ ಮೊಮ್ಮಗಳ ಜೊತೆ ವಿಡಿಯೋ ಕಾಲ್ ಮಾಡಲು ಕೂರುವುದು ತಿರುಕುಟುಂಬದ ಪಟದ ಕೆಳಗೇ. ಅಲ್ಲಿ ಮಾತ್ರ ಸಿಗ್ನಲ್ ಸಿಗುತ್ತದೆ.

ಆ ಎರಡು ಬೆರಳಗಲದ ಚೂರು ಏನಾಯಿತು ಅಂದಿರಾ? ಮರುದಿನವೇ ಅಂಗಡಿಗೆ ಓಡಿದೆ. ಮೇಜಿನ ಕೆಳಗೆ ರಟ್ಟು, ಮೊಳೆಗಳ ನಡುವೆ ಬಿದ್ದಿತ್ತು. ಬೇರೆ ದೊಡ್ಡ ಕಟ್ಟು ಹಾಕಿಸಿಕೊಡುತ್ತೇನೆ ಎಂದೆ. ಅಜ್ಜಿ ಬೇಡ ಅಂದರು. ಚೂರನ್ನು ಪ್ರಾರ್ಥನೆ ಪುಸ್ತಕದಲ್ಲಿ ಇಟ್ಟುಕೊಂಡರು. ಮಾರ್ಚ್ 19, ಜೋಸೆಫನ ಹಬ್ಬದ ದಿನ ಹೋದಾಗ ನೋಡುತ್ತೇನೆ, ಫ್ರೇಮಿನ ಪಕ್ಕದ ಗೋಡೆಗೇ ಮೈದಾ ಅಂಟು ಹಚ್ಚಿ ಅಂಟಿಸಿಬಿಟ್ಟಿದ್ದಾರೆ. ಅರ್ಧ ಭುಜ ಗಾಜಿನ ಒಳಗೆ, ಹೂವಿನ ಕೋಲು ಹಿಡಿದ ಕೈ ಹೊರಗೆ.

"ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತೆ ಅಜ್ಜಿ" ಎಂದೆ.

"ಹಿಡೀಲಿ ಬಿಡು ಮಗಾ. ಒರೆಸೋದಕ್ಕೆ ಗಾಜು ಅಡ್ಡ ಇಲ್ಲವಲ್ಲ."